ಅಂಟಿನ ಬಲ, ಹಲ್ಲಿನ ಸಾಕ್ಷ್ಯ

ಜತ್ತ ತಾಲ್ಲೂಕಿನ ಉಮದಿ, ಸಂಖ, ಮಾಡಗ್ಯಾಳ ಕಡೆಯ ಪಾಲಕರಿಗೆ ಮಗುವಿನ ಹಲ್ಲಿನ ಚಿಕಿತ್ಸೆಯೆಂದರೆ ಒಂದು ದಿನದ ಕೂಲಿ ಹೋದಂತೆ. ಸಾಂಗ್ಲಿ, ಮಿರಜ ಇಲ್ಲವೆ ವಿಜಯಪುರದ ಬಸ್ಸಿನ ಖರ್ಚು ಬೇರೆ. ಆಟದಲ್ಲಿ ಮುರಿದ ಮುಂಬಲ್ಲಿಗೆ ಕೂಡಿಸಿದ ತುಂಡು ಕೆಲವೇ ತಿಂಗಳಲ್ಲಿ ಕಳಚಿದರೆ ಅದೇ ಕೂಲಿ ಮತ್ತೊಮ್ಮೆ ಹೋಗುತ್ತದೆ. ಪಾಲಕರು ವೈದ್ಯರನ್ನು ದೂರುತ್ತಾರೆ. ವೈದ್ಯರು ಮಗು ಕಬ್ಬು ಕಚ್ಚಿದ್ದನ್ನು ದೂರುತ್ತಾರೆ. ನಡುವೆ ಇದ್ದ ಅಂಟನ್ನು ಯಾರೂ ವಿಚಾರಿಸುವುದಿಲ್ಲ.

ಅದರ ವಿಚಾರಣೆಗೂ ಒಂದು ಕ್ರಮವಿದೆ. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯುನೊಕೋರ್ ಎಂಬ ದಂತವಿಜ್ಞಾನಿಯು ಹಲ್ಲಿನ ಹೊರಕವಚಕ್ಕೆ ಫಾಸ್ಫರಿಕ್ ಆಮ್ಲವನ್ನು ಅರ್ಧ ನಿಮಿಷ ಸವರಿ, ಆ ಒರಟಾದ ಮೈಗೆ ರಾಳ ಗಟ್ಟಿಯಾಗಿ ಕಚ್ಚಿಕೊಳ್ಳುವುದನ್ನು ತೋರಿಸಿದನು. ಬಣ್ಣ ಹಚ್ಚುವ ಮೊದಲು ಲೋಹಕ್ಕೆ ಇದೇ ಆಮ್ಲ ಬಳಿಯುವ ಕಾರ್ಖಾನೆಯ ರೂಢಿಯಿಂದ ಅವನಿಗೆ ಈ ಹೊಳಹು ಸಿಕ್ಕಿತ್ತು. ಕವಚದ ಒಳಗಿನ ದಂತದ್ರವ್ಯವು ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ಸೂಕ್ಷ್ಮ ನಾಳಗಳಲ್ಲಿ ದ್ರವ ತುಂಬಿದ ಅದು ತೇವದ ಗೋಡೆಯಿದ್ದಂತೆ. ಅಲ್ಲಿ ಗಿಲಾವು ನಿಲ್ಲುವುದು ಕಷ್ಟ. ಜಪಾನಿನ ನಕಬಯಾಶಿ ಮತ್ತು ಸಂಗಡಿಗರು ಅಲ್ಲಿ ರಾಳವೂ ಹಲ್ಲಿನ ನಾರೂ ಹೆಣೆದುಕೊಳ್ಳುವ ಪದರವನ್ನು ವಿವರಿಸಿದ್ದು 1982ರಲ್ಲಿ.

ಪರೀಕ್ಷೆಗೆ ಅಂತಾರಾಷ್ಟ್ರೀಯ ಮಾನಕವಿದೆ. ಅದರ ಸಂಖ್ಯೆ 11405. ಚಿಕಿತ್ಸೆಗಾಗಿ ಕಿತ್ತ ಹಲ್ಲುಗಳನ್ನು, ಹೆಚ್ಚಾಗಿ ದವಡೆ ಹಲ್ಲುಗಳನ್ನು, ಸಪಾಟಾಗಿ ಉಜ್ಜಿ ಅಂಟು ಸವರುತ್ತಾರೆ. ಮೇಲೆ ಭರ್ತಿ ದ್ರವ್ಯದ ಸಣ್ಣ ಕಂಬ ನಿಲ್ಲಿಸುತ್ತಾರೆ. 37 ಡಿಗ್ರಿ ನೀರಿನಲ್ಲಿ ಒಂದು ದಿನ ಇಟ್ಟು, ಯಂತ್ರದಿಂದ ಪಕ್ಕಕ್ಕೆ ನೂಕಿ ಅಥವಾ ಎಳೆದು ಮುರಿಯುತ್ತಾರೆ. ಮುರಿದ ಬಲವನ್ನು ಅಂಟಿದ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಮೆಗಾಪಾಸ್ಕಲ್ ಲೆಕ್ಕ ಬರುತ್ತದೆ. 20 ಮೆಗಾಪಾಸ್ಕಲ್ ಎಂದರೆ ಒಂದು ಚದರ ಮಿಲಿಮೀಟರ್ ಜಾಗಕ್ಕೆ ಸುಮಾರು 2 ಕಿಲೋ ಭಾರ ತೂಗುಬಿಟ್ಟಂತೆ. ಕೆಲವು ಮಾದರಿಗಳನ್ನು 5 ಡಿಗ್ರಿಯ ನೀರಿಗೂ 55 ಡಿಗ್ರಿಯ ನೀರಿಗೂ ನೂರಾರು ಬಾರಿ ಅದ್ದುತ್ತಾರೆ. ತಣ್ಣೀರು, ಬಿಸಿ ಚಹಾ ಎರಡನ್ನೂ ಬಾಯಿ ದಿನವೂ ಕಾಣುತ್ತದೆಯಲ್ಲವೆ?

ಈ ಅಂಕಿಯೂ ಪಾಟೀಸವಾಲಿಗೆ ಹೊರತಲ್ಲ. ಅಂಟಿದ ಜಾಗ ಚಿಕ್ಕದಾದಷ್ಟು ಅಂಕಿ ದೊಡ್ಡದಾಗಿ ಕಾಣುವುದುಂಟು. ಬೇರೆ ಬೇರೆ ಪ್ರಯೋಗಾಲಯಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡಲಾಗದು. ಜಾಹೀರಾತುಗಳು ಮಾಡುವುದು ಬಹುಮಟ್ಟಿಗೆ ಅದನ್ನೇ. ಹೆಚ್ಚು ತೂಕದ ಸಾಕ್ಷ್ಯ ರೋಗಿಯ ಬಾಯಲ್ಲಿಯೇ ಇದೆ. ವಸಡಿನ ಬಳಿ ಸವೆದ ಹಲ್ಲಿಗೆ ತುಂಬಿದ ಭರ್ತಿಯನ್ನು ಹಿಡಿದಿಡಲು ಅಂಟಿನ ಹೊರತು ಬೇರೆ ಆಸರೆಯಿಲ್ಲ. ಒಂದೂವರೆ ವರ್ಷದ ಮೇಲೆ ಎಷ್ಟು ಭರ್ತಿಗಳು ಉಳಿದವೆಂದು ಎಣಿಸಿದರೆ ಅಂಟಿನ ಯೋಗ್ಯತೆ ಹೊರಬೀಳುತ್ತದೆ.

ನೀರಿನ ಪ್ರಶ್ನೆಯೂ ಇಲ್ಲಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಬರದ ಸೀಮೆಗಳಲ್ಲಿ ಕೊಳವೆಬಾವಿಯ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಲೆಗಟ್ಟಿದ್ದು ಪ್ರಸಿದ್ಧ. ಅಂಥ ಹಲ್ಲಿನ ಕವಚ ಆಮ್ಲಕ್ಕೆ ಸುಲಭವಾಗಿ ಮಣಿಯದ ಕಾರಣ, ವೈದ್ಯರು ಆಮ್ಲವನ್ನು ಹೆಚ್ಚು ಹೊತ್ತು ಬಿಡಬೇಕಾಗಬಹುದು. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡು ನಮ್ಮ ಮಾನಕದ ಮೇಲ್ಮಿತಿ. ಜತ್ತದಲ್ಲಿ ಕೊಳವೆಬಾವಿಯನ್ನೇ ನಂಬಿದ ಮನೆಗಳು ನೀರಿನ ಪರೀಕ್ಷೆಯ ವರದಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳುವುದು ಒಳ್ಳೆಯದು.

ಹಣ ಪಡೆದು ಕೊಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ವಿ. ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿತು. 2019ರ ಕಾಯ್ದೆಯು ದೋಷಯುಕ್ತ ವಸ್ತುವಿನ ತಯಾರಕರನ್ನೂ ಹೊಣೆ ಮಾಡಿದೆ. ದೂರಿಗೆ ಎರಡು ವರ್ಷದ ಅವಧಿಯಿದೆ. ಆದರೆ ಭರ್ತಿ ಕಳಚಿದ ಮಾತ್ರಕ್ಕೆ ಯಾರದೂ ತಪ್ಪು ಸಿದ್ಧವಾಗುವುದಿಲ್ಲ. ಪಾಲಕರು ರಸೀದಿ ಪಡೆದು, ಬಳಸಿದ ಅಂಟಿನ ಹೆಸರು, ಬ್ಯಾಚ್ ಸಂಖ್ಯೆ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ಬರೆಯಿಸಿಕೊಳ್ಳಲಿ. ಬಿದ್ದ ತುಂಡನ್ನು ಎಸೆಯದೆ ಡಬ್ಬಿಯಲ್ಲಿ ಒಯ್ಯಲಿ: ಅಂಟು ಹಲ್ಲಿನ ಮೇಲೆ ಉಳಿದಿದೆಯೋ ತುಂಡಿನ ಮೇಲೆ ಉಳಿದಿದೆಯೋ ಎಂಬುದನ್ನು ಪ್ರಯೋಗಾಲಯವೂ ಮೊದಲು ನೋಡುತ್ತದೆ. ಅದು ಹಲ್ಲಿನದೇ ಚೂರಾಗಿದ್ದರೆ ಒಣಗಗೊಡದೆ ನೀರಿನಲ್ಲಿಯೋ ಹಾಲಿನಲ್ಲಿಯೋ ಇಡಬೇಕು. ಅದನ್ನೇ ಮರಳಿ ಅಂಟಿಸಲು ಬರುವುದುಂಟು.