ತಂತಿಯ ನೆರಳಲ್ಲಿ ಅಗ್ಗದ ನಿವೇಶನ

ನಗರದ ಅಂಚಿನ ಯಾವುದೇ ಹೊಸ ಬಡಾವಣೆಯನ್ನು ಗಮನಿಸಿ. ಮುಖ್ಯ ರಸ್ತೆಗೆ ತಾಗಿದ ನಿವೇಶನಗಳು ಮೊದಲು ಮಾರಾಟವಾಗುತ್ತವೆ. ಉದ್ಯಾನದ ಎದುರಿನವುಗಳಿಗೆ ಆ ಬಳಿಕದ ಸರದಿ. ಕೊನೆಯಲ್ಲಿ ಉಳಿಯುವುದು ಹೈಟೆನ್ಷನ್ ತಂತಿಯ ಪಕ್ಕದ ಸಾಲು. ಉಳಿಯುತ್ತದೆ ಎಂದ ಮಾತ್ರಕ್ಕೆ ಮಾರಾಟವಾಗುವುದಿಲ್ಲ ಎಂದಲ್ಲ. ಬೆಲೆ ಇಳಿಯುತ್ತದೆ, ಮಧ್ಯವರ್ತಿಯ ಮಾತು ಏರುತ್ತದೆ. ಕೊನೆಗೊಂದು ದಿನ ಗಾರೆ ಕೆಲಸದವನೋ, ಆಟೋ ಚಾಲಕನೋ, ಗಲ್ಫಿನ ಬಿಸಿಲಲ್ಲಿ ವರ್ಷಗಟ್ಟಲೆ ದುಡಿದು ನಾಲ್ಕು ಕಾಸು ಕೂಡಿಟ್ಟವನೋ ಅದನ್ನು ಖರೀದಿಸುತ್ತಾನೆ. ಹೆಸರು ಕೇಳಿದೊಡನೆ ಬಾಡಿಗೆ ಮನೆ ‘ಖಾಲಿ ಇಲ್ಲ’ ಎನ್ನಿಸಿಕೊಳ್ಳುವ ಮುಸ್ಲಿಮ್ ಮತ್ತು ದಲಿತ ಕುಟುಂಬಗಳ ಪಾಲಿಗಂತೂ ಆಯ್ಕೆಯ ವೃತ್ತ ಇನ್ನಷ್ಟು ಕಿರಿದು. ಸ್ವಂತ ಸೂರು ಎಂಬುದು ಇವರಿಗೆ ಅಂತಸ್ತಿನ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ. ಆದ್ದರಿಂದಲೇ ತಲೆಯ ಮೇಲಿನ ತಂತಿಯನ್ನು ಅವರು ಕಂಡೂ ಕಾಣದಂತೆ ಇರುತ್ತಾರೆ.

ಇಂತಹ ನಿವೇಶನದ ಮಾತು ಬಂದಾಗ ಮೊದಲು ಕೇಳಿಬರುವುದು ಕ್ಯಾನ್ಸರ್‌ನ ಭಯ. ಈ ಭಯ ಆಕಾಶದಿಂದ ಉದುರಿದ್ದಲ್ಲ. 1979ರಲ್ಲಿ ಅಮೇರಿಕದ ಡೆನ್ವರ್ ನಗರದಲ್ಲಿ ನ್ಯಾನ್ಸಿ ವರ್ಥೈಮರ್ ಮತ್ತು ಎಡ್ ಲೀಪರ್ ಎಂಬಿಬ್ಬರು ನಡೆಸಿದ ಅಧ್ಯಯನವು ವಿದ್ಯುತ್ ತಂತಿಗಳ ಸಾಮೀಪ್ಯಕ್ಕೂ ಮಕ್ಕಳ ಕ್ಯಾನ್ಸರ್‌ಗೂ ನಂಟಿರಬಹುದೆಂದು ಹೇಳಿತು. 2000ನೇ ಇಸವಿಯಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮನೆಯೊಳಗಿನ ಕಾಂತಕ್ಷೇತ್ರದ ಸರಾಸರಿ 0.4 ಮೈಕ್ರೋಟೆಸ್ಲಾಕ್ಕಿಂತ ಹೆಚ್ಚಿರುವಲ್ಲಿ ಮಕ್ಕಳ ರಕ್ತಕ್ಯಾನ್ಸರ್ ಸುಮಾರು ಇಮ್ಮಡಿಯಾಗಿ ಕಂಡಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಕ್ಷೇತ್ರಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ 2ಬಿ ವರ್ಗಕ್ಕೆ ಸೇರಿಸಿತು. ಏಷ್ಯಾದ ಸಾಂಪ್ರದಾಯಿಕ ಉಪ್ಪಿನ ತರಕಾರಿಗಳೂ ಅದೇ ವರ್ಗದಲ್ಲಿವೆ ಎಂಬುದನ್ನು ಭಯ ಹುಟ್ಟಿಸುವವರು ಹೇಳುವುದಿಲ್ಲ.

ಬ್ರಿಟನ್ನಿನ ಅನುಭವ ಇಲ್ಲಿ ಉಪಯುಕ್ತ. ಹುಟ್ಟಿದ ಮನೆ ಹೈಟೆನ್ಷನ್ ತಂತಿಯಿಂದ 200 ಮೀಟರ್ ಒಳಗಿದ್ದ ಮಕ್ಕಳಲ್ಲಿ ರಕ್ತಕ್ಯಾನ್ಸರ್ ಹೆಚ್ಚು ಎಂದು ಅಲ್ಲಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದರು. ಆದರೆ 2014ರಲ್ಲಿ ಇನ್ನಷ್ಟು ವರ್ಷಗಳ ದಾಖಲೆ ಸೇರಿಸಿ ಮತ್ತೆ ಪರಿಶೀಲಿಸಿದಾಗ, ಆ ಹೆಚ್ಚಳ ಹಳೆಯ ದಶಕಗಳಿಗೆ ಸೀಮಿತವಾಗಿದ್ದು, 1980ರ ಬಳಿಕ ಮಾಸಿಹೋದದ್ದು ಕಂಡುಬಂತು. ತಂತಿ ಅದೇ, ವಿದ್ಯುತ್ ಅದೇ. ರೋಗ ಮಾತ್ರ ಕಡಿಮೆಯಾಯಿತೆಂದರೆ ಕಾರಣ ತಂತಿಯೇ ಎಂದು ಬೊಟ್ಟು ಮಾಡುವುದು ಹೇಗೆ? ಪುರಾವೆಯು ಕಾರಣವೆಂದು ಹೇಳುವಷ್ಟು ಬಲವಾಗಿಲ್ಲ, ಕಡೆಗಣಿಸುವಷ್ಟು ದುರ್ಬಲವೂ ಅಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2007ರ ನಿಲುವಿನ ಸಾರ. ಕಾಂತಕ್ಷೇತ್ರವು ದೂರ ಹೆಚ್ಚಿದಂತೆ ವೇಗವಾಗಿ ಕುಗ್ಗುತ್ತದೆ ಎಂಬುದು ಮಾತ್ರ ನಿರ್ವಿವಾದ. ಚಿಕ್ಕ ಮಕ್ಕಳಿರುವ ಕುಟುಂಬವು ಸಾಧ್ಯವಾದರೆ ಇನ್ನೊಂದಿಷ್ಟು ದೂರದ ನಿವೇಶನವನ್ನು ಆರಿಸಿಕೊಂಡರೆ ಅದನ್ನು ಮೌಢ್ಯ ಎನ್ನಲಾಗದು. ಆದರೆ ಈಗಾಗಲೇ ನೂರು ಮೀಟರ್ ದೂರದಲ್ಲಿ ಮನೆ ಕಟ್ಟಿ ಕುಳಿತವರು ನಿದ್ದೆಗೆಡುವ ಅಗತ್ಯವೂ ಇಲ್ಲ.

ನಮ್ಮ ಆತಂಕ ಬೇರೆಯದು. ಕಣ್ಣಿಗೆ ಕಾಣದ ಕಾಂತಕ್ಷೇತ್ರದ ಕುರಿತು ಇಷ್ಟೆಲ್ಲ ಚರ್ಚಿಸುವ ನಾವು ಕಣ್ಣೆದುರೇ ತೂಗುತ್ತಿರುವ ಸಾವಿನ ಬಗ್ಗೆ ಮಾತಾಡುವುದೇ ಇಲ್ಲ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ನಂದಿನಿ ಬಡಾವಣೆಯಲ್ಲಿ ಮನೆಯ ತಾರಸಿಯ ಮೇಲೆ ಪಾರಿವಾಳ ಹಿಡಿಯಲೆಂದು ಕಬ್ಬಿಣದ ಸರಳು ಚಾಚಿದ ಇಬ್ಬರು ಬಾಲಕರು ಹೈಟೆನ್ಷನ್ ತಂತಿಯ ಆಘಾತದಿಂದ ಸುಟ್ಟು ಪ್ರಾಣ ಕಳಕೊಂಡರು. ಅದೇ ವರ್ಷದ ಎಪ್ರಿಲ್‌ನಲ್ಲಿ ತಂಜಾವೂರು ಬಳಿಯ ಕಳಿಮೇಡುವಿನಲ್ಲಿ ರಥದ ತುದಿ ತಂತಿಗೆ ತಾಗಿ 11 ಮಂದಿ ಮೃತಪಟ್ಟರು. ಮರುವರ್ಷ ಜುಲೈಯಲ್ಲಿ ಜಾರ್ಖಂಡ್‌ನ ಬೊಕಾರೊದಲ್ಲಿ ಮುಹರ್ರಮ್‌ನ ತಾಜಿಯಾ ತಾಗಿ ನಾಲ್ವರು ಸತ್ತರು. ತಂತಿ ಯಾರ ಧರ್ಮವನ್ನೂ ವಿಚಾರಿಸುವುದಿಲ್ಲ.

ತಂತಿಯನ್ನು ಮುಟ್ಟಿದರೆ ಮಾತ್ರ ಅಪಾಯ ಎಂಬ ನಂಬಿಕೆ ವ್ಯಾಪಕವಾಗಿದೆ. ಈ ಒತ್ತಡದ ವಿದ್ಯುತ್ ಗಾಳಿಯ ಮೂಲಕವೂ ನೆಗೆಯಬಲ್ಲದು. ಬಟ್ಟೆ ಒಣಗಿಸುವ ಕಬ್ಬಿಣದ ಕಂಬ, ನೀರಿನ ಪೈಪು, ಗಾರೆಯವನು ನೆಟ್ಟಗೆ ಎತ್ತಿ ಹಿಡಿದ ಸರಳು- ಇಷ್ಟು ಸಾಕು. ಅಲ್ಲದೇ ಬೇಸಿಗೆಯ ಬಿಸಿಲಿಗೂ ಹೆಚ್ಚಿನ ಹೊರೆಗೂ ತಂತಿ ಕಾದು ಜೋತು ಬೀಳುತ್ತದೆ. ಜನವರಿಯ ಮುಂಜಾನೆ ನಿವೇಶನ ನೋಡಲು ಹೋದವನಿಗೆ ಕಂಡ ಎತ್ತರ ಎಪ್ರಿಲ್‌ನ ಮಧ್ಯಾಹ್ನಕ್ಕೆ ಇರುವುದಿಲ್ಲ. ಹಾಗಾಗಿಯೇ ನಿಯಮಗಳು ಅತಿ ಹೆಚ್ಚು ಜೋತ ಸ್ಥಿತಿಯಿಂದ ಅಂತರವನ್ನು ಅಳೆಯಬೇಕೆನ್ನುತ್ತವೆ. 1956ರ ವಿದ್ಯುತ್ ನಿಯಮಗಳಿಂದ ನಡೆದುಬಂದಿರುವ ಲೆಕ್ಕದಂತೆ, 66 ಕಿಲೋವೋಲ್ಟ್ ತಂತಿಗೂ ಕಟ್ಟಡಕ್ಕೂ ನಡುವೆ ಮೇಲ್ಗಡೆಗೆ 4 ಮೀಟರ್, ಪಕ್ಕಕ್ಕೆ 2.3 ಮೀಟರ್ ಅಂತರ ಇರಲೇಬೇಕು. 220 ಕಿಲೋವೋಲ್ಟ್ ಆದರೆ ಇದು ಕ್ರಮವಾಗಿ 5.5 ಮತ್ತು 3.8 ಮೀಟರ್. ಇದು ಕನಿಷ್ಠ. ಒಂದೇ ಅಂತಸ್ತಿನ ಮನೆಗೆ ಸರಿಯಾಗಿದ್ದ ಅಂತರವು, ಮಗನ ಮದುವೆಯ ಹೊತ್ತಿಗೆ ಇನ್ನೊಂದು ಅಂತಸ್ತು ಎಬ್ಬಿಸಿದಾಗ ಉಳಿಯುವುದೇ ಎಂದು ಎಷ್ಟು ಮಂದಿ ಲೆಕ್ಕ ಹಾಕಿದ್ದಾರೆ?

ಇದಲ್ಲದೆ, ಪ್ರತಿ ಪ್ರಸರಣ ಮಾರ್ಗಕ್ಕೂ ತನ್ನದೇ ಆದ ಕಾರಿಡಾರ್ ಇದೆ. 66 ಕಿಲೋವೋಲ್ಟ್‌ಗೆ 18 ಮೀಟರ್, 220ಕ್ಕೆ 35 ಮೀಟರ್, 400ಕ್ಕೆ 46ರಿಂದ 52 ಮೀಟರ್ ಅಗಲ. 35 ಮೀಟರ್ ಎಂದರೆ ನಡುಗೆರೆಯಿಂದ ಎರಡೂ ಬದಿಗೆ ಸುಮಾರು 57 ಅಡಿ. ಬಡವನೊಬ್ಬ ಜೀವಮಾನದ ಉಳಿತಾಯ ಸುರಿದು ಖರೀದಿಸಿದ 30x40 ಅಡಿಯ ನಿವೇಶನ ಇಡಿಯಾಗಿ ಅದರೊಳಗೆ ಅಡಗಿಹೋಗಬಹುದು.

ಹಾಗಿದ್ದರೆ ಅದು ಮಾರಾಟವಾಗುವುದಾದರೂ ಹೇಗೆ? ಇದು ನಿಜವಾದ ಪ್ರಶ್ನೆ. ಮಧ್ಯವರ್ತಿಯ ವಂಚನೆ ಇದರ ಒಂದಂಶ ಮಾತ್ರ. ದೊಡ್ಡ ಅಂಶ ಕಾನೂನಿನಲ್ಲೇ ಇದೆ. ಪ್ರಸರಣ ಮಾರ್ಗಕ್ಕಾಗಿ ಪ್ರಭುತ್ವವು ಭೂಮಿಯನ್ನು ಸಾಮಾನ್ಯವಾಗಿ ಸ್ವಾಧೀನಪಡಿಸಿಕೊಳ್ಳುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ ಮೂಲಕ, ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಪ್ರಸರಣ ಸಂಸ್ಥೆಗಳ ಕೈಗಿತ್ತು, ಭೂಮಿಯ ಮೇಲೆ ತಂತಿ ಎಳೆಯುವ ಹಕ್ಕನ್ನಷ್ಟೇ ಪಡೆಯಲಾಯಿತು. ಒಡೆತನ ಮಾಲಕನಲ್ಲೇ ಉಳಿಯಿತು. ಪಹಣಿಯಲ್ಲಿ ಅವನದೇ ಹೆಸರು. ನೋಂದಾಯಿತ ಪತ್ರವಿಲ್ಲದ ಈ ಹಕ್ಕು ಋಣಭಾರ ಪ್ರಮಾಣಪತ್ರದಲ್ಲಿ ಕಾಣಿಸುವುದೂ ಇಲ್ಲ. ವಕೀಲರಿಗೆ ತೋರಿಸಿದರೂ ಕಾಗದವೆಲ್ಲ ಸರಿಯಾಗಿಯೇ ಇರುತ್ತದೆ. ಸರಿಯಿಲ್ಲದ್ದು ಕಾಗದದ ಹೊರಗಿದೆ. ಅಲ್ಲಿಗೆ ಹೋಗಿ ಕತ್ತೆತ್ತಿ ನೋಡಬೇಕು. ನೋಂದಣಿ ಮುಗಿದು, ಮನೆ ಅರ್ಧ ಎದ್ದ ಮೇಲೆ ಪ್ರಸರಣ ನಿಗಮದ ನೋಟೀಸು ಬರುತ್ತದೆ. ವಿದ್ಯುತ್ ಸಂಪರ್ಕ, ಬ್ಯಾಂಕ್ ಸಾಲ ಎರಡಕ್ಕೂ ತೊಡಕಾಗುತ್ತದೆ. ಮಾರಿದವನಾಗಲೇ ಇನ್ನೊಂದು ಬಡಾವಣೆಯ ಫಲಕ ನೆಟ್ಟಿರುತ್ತಾನೆ.

ಭೂಮಾಲಕನ ಪಾಡನ್ನೂ ನಾವು ಮರೆಯಬಾರದು. ಹೊಲದ ನಡುವೆ ಗೋಪುರ ನಿಂತರೆ ಬೆಳೆ, ಮರಗಳಿಗೆ ಒಂದಿಷ್ಟು ಕೊಟ್ಟು ಕೈತೊಳೆದುಕೊಳ್ಳುವುದು ದಶಕಗಳ ರೂಢಿಯಾಗಿತ್ತು. 2015ರಲ್ಲಿ ಕೇಂದ್ರ ಇಂಧನ ಸಚಿವಾಲಯವು ಗೋಪುರದ ಅಡಿಯ ಜಾಗಕ್ಕೆ ಭೂಮಿಯ ಮೌಲ್ಯದ ಶೇ. 85, ಕಾರಿಡಾರ್‌ಗೆ ಗರಿಷ್ಠ ಶೇ. 15 ಪರಿಹಾರವೆಂದು ಮಾರ್ಗಸೂಚಿ ಹೊರಡಿಸಿತು. 2024ರಲ್ಲಿ ಇದನ್ನು ಕ್ರಮವಾಗಿ ಶೇ. 200 ಮತ್ತು ಶೇ. 30ಕ್ಕೆ ಏರಿಸಲಾಯಿತು. ಏರಿಕೆ ಸ್ವಾಗತಾರ್ಹ. ಆದರೆ ಮನೆ ಕಟ್ಟಲಾಗದ, ತೆಂಗು ಬೆಳೆಸಲಾಗದ ನೆಲಕ್ಕೆ ಶೇ. 30 ಕೊಟ್ಟು ಉಳಿದದ್ದನ್ನು ನೀನೇ ಹೊರು ಎಂದರೆ, ಅವನು ಆ ಹೊರೆಯನ್ನು ತಿಳಿಯದ ಯಾರದೋ ತಲೆಗೆ ದಾಟಿಸುತ್ತಾನೆ. ಉಡುಪಿ- ಕಾಸರಗೋಡು 400 ಕಿಲೋವೋಲ್ಟ್ ಮಾರ್ಗವನ್ನು ದಕ್ಷಿಣ ಕನ್ನಡದ ಕೃಷಿಕರು ವಿರೋಧಿಸಿದಾಗ ಅವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆದವರಿದ್ದಾರೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ತಂತಿ ಎಳೆದ ನಾಡು ಇದು. ಇಲ್ಲಿ ಯಾರೂ ವಿದ್ಯುತ್ ಬೇಡ ಎನ್ನುತ್ತಿಲ್ಲ. ಅದರ ಬೆಲೆಯನ್ನು ಯಾರು ತೆರಬೇಕು ಎಂಬುದಷ್ಟೇ ಅವರ ಪ್ರಶ್ನೆ.

ಖರೀದಿಗೆ ಹೊರಟವರು ಮುಂಗಡ ಕೊಡುವ ಮುನ್ನ ಗೋಪುರದ ಬಳಿಗೆ ಹೋಗಿ ಅದರ ಫಲಕದಲ್ಲಿರುವ ಮಾರ್ಗದ ಹೆಸರು, ಒತ್ತಡ, ಸಂಖ್ಯೆಗಳನ್ನು ಬರೆದುಕೊಳ್ಳಲಿ. ಅದನ್ನು ಹಿಡಿದು ಪ್ರಸರಣ ನಿಗಮದ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಿ, ಸರ್ವೇ ನಂಬರಿನ ಎಷ್ಟು ಭಾಗ ಕಾರಿಡಾರ್‌ನೊಳಗಿದೆ ಎಂದು ಲಿಖಿತವಾಗಿಯೇ ಉತ್ತರ ಪಡೆಯಲಿ. ಬಾಯಿಮಾತಿನ ಭರವಸೆ, ‘ತಂತಿಯನ್ನು ಸದ್ಯದಲ್ಲೇ ತೆಗೆಯುತ್ತಾರೆ’ ಎಂಬ ಮಧ್ಯವರ್ತಿಯ ಹಳೆಯ ಪಲ್ಲವಿ- ಇವೆರಡನ್ನೂ ನಂಬಬಾರದು. ಮಸೀದಿ, ಸಂಘಟನೆಗಳ ಹಿರಿಯರು ನಿವೇಶನ ಖರೀದಿಸುವ ಕುಟುಂಬಗಳಿಗೆ ಇಷ್ಟನ್ನು ತಿಳಿಸಿ ಹೇಳಿದರೆ ಅದು ಸಣ್ಣ ಸೇವೆಯೇನಲ್ಲ.

ಆದರೆ ಪ್ರತಿಯೊಬ್ಬ ಬಡವನೂ ಗೋಪುರದಡಿ ನಿಂತು ಸಂಖ್ಯೆ ಬರೆದುಕೊಳ್ಳಬೇಕಾದ ಸ್ಥಿತಿ ಏಕಿರಬೇಕು? 2024ರಿಂದ ನಗರದ ಆಸ್ತಿ ನೋಂದಣಿಗೆ ಇ-ಖಾತಾವನ್ನು ರಾಜ್ಯ ಸರಕಾರ ಕಡ್ಡಾಯಗೊಳಿಸಿದೆ. ಮಾಲಕನ ಭಾವಚಿತ್ರ, ನಿವೇಶನದ ಚಕ್ಕುಬಂದಿ ಎಲ್ಲವೂ ಅದರಲ್ಲಿ ದಾಖಲಾಗುತ್ತಿದೆ. ಅದೇ ಹಾಳೆಯಲ್ಲಿ ‘ಈ ನಿವೇಶನದ ಇಷ್ಟು ಅಡಿ ಪ್ರಸರಣ ಕಾರಿಡಾರ್‌ನೊಳಗಿದೆ’ ಎಂಬ ಒಂದು ಸಾಲು ಸೇರಿಸಲಿ. ಪಹಣಿಯಲ್ಲೂ, ಬಡಾವಣೆಯ ಅನುಮೋದಿತ ನಕ್ಷೆಯಲ್ಲೂ ಅದು ಬರಲಿ. ಇದಕ್ಕೆ ಹೊಸ ಕಾಯ್ದೆಯಾಗಲಿ ಹೊಸ ತಂತ್ರಜ್ಞಾನವಾಗಲಿ ಬೇಕಿಲ್ಲ. ಇಂಧನ, ಕಂದಾಯ ಮತ್ತು ನಗರಾಭಿವೃದ್ಧಿ ಇಲಾಖೆಗಳ ಕಾರ್ಯದರ್ಶಿಗಳು ಒಂದೇ ಮೇಜಿನ ಸುತ್ತ ಕುಳಿತರೆ ಸಾಕು.