ಕೀಲಿಯಿಲ್ಲದ ಕಾರಿಗೆ ಕೀಲಿಯ ಗುರುತು
ಕೆನಡಾದ ವಿನಿಪೆಗ್ ನಗರದಲ್ಲಿ ಜನವರಿಯ ಮುಂಜಾವಿನ ಉಷ್ಣಮಾನವು ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿಳಿದಿರುವಾಗ, ಮನೆಯೊಳಗಿಂದಲೇ ಗುಂಡಿಯೊತ್ತಿ ಕಾರನ್ನು ಚಾಲೂ ಮಾಡುವ ರಿಮೋಟ್ ಸ್ಟಾರ್ಟರನ್ನು ವಿಲಾಸವೆಂದು ಯಾರೂ ಎಣಿಸಲಾರರು. ಆದರೆ ಅದೇ ದೇಶವು 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಕಳ್ಳತನವನ್ನು ತಡೆಯುವ ಇಮ್ಮೊಬಿಲೈಸರನ್ನು ಕಡ್ಡಾಯಗೊಳಿಸಿತು. ಕೀಲಿಯ ತಲೆಯೊಳಗೆ ಅಡಗಿರುವ ಪುಟ್ಟ ಟ್ರಾನ್ಸ್‌ಪಾಂಡರ್, ತನ್ನದೇ ಬ್ಯಾಟರಿಯಿಲ್ಲದಿದ್ದರೂ, ಇಗ್ನಿಷನ್ನಿನ ಸುತ್ತಲಿನ ತಂತಿಸುರುಳಿಯಿಂದಲೇ ಶಕ್ತಿಯನ್ನು ಪಡೆದು ತನ್ನ ಗುರುತನ್ನು ಅರುಹಿದ ಹೊರತು ಎಂಜಿನ್ನು ಮಿಸುಕದು. ಕೀಲಿಯಿಲ್ಲದೆ ಎಬ್ಬಿಸಬಯಸುವ ಯಂತ್ರಕ್ಕೂ ಕೀಲಿಯಿಲ್ಲದೆ ಏಳಲೊಲ್ಲದ ಕಾರಿಗೂ ವಿರೋಧವು ಇಲ್ಲಿಯೇ.

ಈ ವಿರೋಧವನ್ನು ನೀಗಿಸಲು, ಹೆಚ್ಚಿನ ಕೀಲಿಯೊಂದನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಡ್ಯಾಶ್‌ಬೋರ್ಡಿನ ಕೆಳಗೆ ಕಟ್ಟಿ, ರಿಮೋಟಿನ ಆಜ್ಞೆ ಬಂದಾಗ ಮಾತ್ರ ರಿಲೇಯೊಂದು ಕೂಡಿಕೊಂಡು, ಆ ಕೀಲಿಯ ಗುರುತನ್ನು ಇಗ್ನಿಷನ್ನಿನ ಸುರುಳಿಗೆ ಮುಟ್ಟಿಸುವಂತೆ ಮಾಡುವುದು ಹಳೆಯ ಪದ್ಧತಿ. ಯುಕ್ತಿಯು ಸರಳವಾದುದೇ, ಆದರೂ ಕಳ್ಳನನ್ನು ತಡೆಯಲೆಂದೇ ನಿರ್ಮಿತವಾದ ಕೀಲಿಯನ್ನು ಕಾರಿನೊಳಗೇ ಬಚ್ಚಿಟ್ಟು ಹೋಗುವುದು ನನಗೆ ಸರಿದೋರದು. ಕೀಲಿಯನ್ನು ಒಳಗಿಡದೆ, ಕಾರಿನ ಸಂಕೇತವನ್ನು ತಾನೇ ಕಲಿತು ಆ ಗಳಿಗೆಗಷ್ಟೇ ಒದಗಿಸುವ ಬೈಪಾಸ್ ಮಾಡ್ಯೂಲು ತನ್ನ ಕಾರಿನ ಮಾದರಿಗೆ ದೊರೆಯುವುದಾದರೆ, ತುಸು ಹೆಚ್ಚು ವೆಚ್ಚವಾದರೂ ಮಾಲೀಕನು ಅದನ್ನೇ ಆರಿಸಿಕೊಳ್ಳತಕ್ಕದ್ದು. ಜೋಡಿಸಿಕೊಟ್ಟ ಕುಶಲಕರ್ಮಿಯೂ ಅಷ್ಟಕ್ಕೇ ಕೈತೊಳೆದುಕೊಳ್ಳದೆ, ಕೀಲಿ ಹಾಕದೆ ಬ್ರೇಕನ್ನು ತುಳಿದೊಡನೆ ಎಂಜಿನ್ನು ನಿಲ್ಲುವುದನ್ನು ಮಾಲೀಕನ ಕಣ್ಣೆದುರಿಗೇ ತೋರಿಸಿಕೊಡಬೇಕು; ಕಾರು ಮುಚ್ಚಿದ ಗ್ಯಾರೇಜಿನೊಳಗಿರುವಾಗ ರಿಮೋಟಿನ ಗುಂಡಿಯನ್ನು ಒತ್ತಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಕ್ಕೆ ನುಸುಳಿ ಪ್ರಾಣಕ್ಕೇ ಎರವಾದೀತೆಂಬುದನ್ನೂ ಬಾಯಿಬಿಟ್ಟು ಹೇಳಬೇಕು.