ಮಾಸು ಕಸವೆ?

ಹೆರಿಗೆಯಾದೊಡನೆ ಮಾಸನ್ನು ಹಿತ್ತಲಲ್ಲಿ ಹೂಳುವುದು ನಮ್ಮ ಹಿರಿಯರ ವಾಡಿಕೆ. ಉಕ್ಕಡಂನಂಥ ಪೇಟೆಯಲ್ಲಿ ಇಂದು ಹಿತ್ತಲು ಅಪರೂಪ, ಹೆರಿಗೆಯೂ ಆಸ್ಪತ್ರೆಯಲ್ಲೇ. ಮಾಸು ಕಸವಾಗಿ ಹೋಗುತ್ತದೆ. ಆದರೆ ಕೂಸನ್ನು ಸುತ್ತಿದ್ದ ಅದರ ತೆಳುಪೊರೆಯಲ್ಲಿ ಗಾಯ ಮಾಯಲು ನೆರವಾಗುವ ಪ್ರೋಟೀನುಗಳಿವೆ. 1910ರಲ್ಲೇ ಅಮೆರಿಕದ ಡೇವಿಸ್ ಎಂಬ ವೈದ್ಯರು ಅದನ್ನು ಚರ್ಮದ ಕಸಿಗೆ ಬಳಸಿದರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಲ್ಲಿ ಅಂಗಾಂಶ ಭಂಡಾರ ಆರಂಭವಾಯಿತು. ಅಲ್ಲಿ ಪೊರೆಯನ್ನು ತೊಳೆದು, ಒಣಗಿಸಿ, ಗಾಮಾ ಕಿರಣಗಳಿಂದ ರೋಗಾಣುಗಳನ್ನು ಕೊಂದು ಕಾದಿಡುತ್ತಾರೆ. ಸುಟ್ಟ ಗಾಯಗಳಿಗೆ ಅದನ್ನು ಹೊದಿಸುತ್ತಾರೆ. ದಾನಕ್ಕೆ ತಾಯಿಯ ರಕ್ತಪರೀಕ್ಷೆ, ಒಪ್ಪಿಗೆ ಎರಡೂ ಬೇಕು. ಹೂಳುವವರನ್ನು ನಾವು ಹಳಿಯುವುದಿಲ್ಲ. ಎಸೆಯುವ ಮುನ್ನ ತಾಯಿಯನ್ನೊಮ್ಮೆ ಕೇಳಲಿ ಎನ್ನುತ್ತೇವೆ. ಒಂದು ಮನೆಯ ಸಂತೋಷ ಇನ್ನೊಂದು ಮನೆಯ ನೋವನ್ನು ತಗ್ಗಿಸುವುದಾದರೆ ಅದಕ್ಕಿಂತ ಪುಣ್ಯವುಂಟೆ?